ಗಾಡಿ ದೊಡ್ಡದು, ಕುಲುಕಾಟವೂ ದೊಡ್ಡದು!
ಟಾಯರ್, ಶಾಕಪ್ ಬದಲಿಸುವ ಮುನ್ನ ಒಂದಿಷ್ಟು ಲೆಕ್ಕ

ಬಿದ್ರಿ: ಕಬ್ಬಿನ ಹಂಗಾಮು ಸುರುವಾಯಿತೆಂದರೆ ಬಿದ್ರಿಯಿಂದ ಮುದಾಳ ತಿಟ್ಟಾ ಕಡೆಗಿನ ರಸ್ತೆಯ ಮೇಲೆ ಕಬ್ಬಿನ ಗಾಡಿಗಳದೇ ದರ್ಬಾರು. ದೂಧಗಂಗಾ-ವೇದಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆಗೆ ಹೊರಟ ಜೋಡಿ ಟ್ರೇಲರಿನ ಟ್ರ್ಯಾಕ್ಟರ್‌ಗಳು, ಲಾರಿಗಳು, ನಡುವೆ ಎತ್ತಿನ ಟಾಯರ್ ಗಾಡಿಗಳು. ಭಾರಕ್ಕೆ ಡಾಂಬರಿನ ಅಂಚು ಕಿತ್ತು ಹೋಗುತ್ತದೆ. ಎದುರಿಗೆ ಬಂದವರು ಒಂದು ಗಾಲಿ ಮಣ್ಣಿಗೆ ಇಳಿಸದೆ ವಿಧಿಯಿಲ್ಲ.

ಇದೇ ರಸ್ತೆ ನಿಪ್ಪಾಣಿಗೆ, ಅಲ್ಲಿಂದ ಚಿಕ್ಕೋಡಿ, ಸಂಕೇಶ್ವರ, ಬೆಳಗಾವಿಗೆ ಹೋಗುವ ಕನ್ನಡ ಮನೆತನಗಳ ದಾರಿಯೂ ಹೌದು. ಹೆಣ್ಣು ಕೊಟ್ಟ ಊರು ಅತ್ತ, ತಂದ ಊರು ಇತ್ತ. ಅಮಾವಾಸ್ಯೆಗೆ ಆದಮಾಪುರದ ಬಾಳುಮಾಮಾನ ದರ್ಶನಕ್ಕೆ ಕರ್ನಾಟಕದಿಂದ ಬರುವ ಗಾಡಿಗಳಿಗಂತೂ ಲೆಕ್ಕವಿಲ್ಲ. ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಹೋಗಬೇಕೆಂದು ಹಲವರು ಬೊಲೆರೊ, ಸ್ಕಾರ್ಪಿಯೊದಂಥ ಎತ್ತರದ ಗಾಡಿ ಕೊಂಡಿದ್ದಾರೆ. ಆದರೆ ಊರ ಗಡಿ ದಾಟುವಷ್ಟರಲ್ಲೇ ಹಿಂದಿನ ಸೀಟಿನಿಂದ ಅವ್ವನ ದನಿ ಏಳುತ್ತದೆ: "ತಮ್ಮಾ, ಸಾವಕಾಶ ಹೊಡಿಯೋ, ನಡಾ ಮುರೀತು!"

ಬೆನ್ನೆಲುಬಿನ ತ್ರಾಸು ಇದ್ದವರನ್ನು ಬೆಳಗಾವಿ ಇಲ್ಲವೆ ಕೊಲ್ಲಾಪುರದ ದವಾಖಾನೆಗೆ ಒಯ್ಯುವಾಗ, ಬಸುರಿ ಮಗಳನ್ನು ತವರಿಗೆ ಕರೆತರುವಾಗ ಇದು ಬರೀ ಸುಖದ ಪ್ರಶ್ನೆಯಲ್ಲ. ಸವೆದ ಶಾಕಪ್, ಹಳೇ ಟಾಯರ್ ಕೂಡಿದರೆ ಬ್ರೇಕ್ ಹಾಕಿದಾಗ ಗಾಡಿ ನಿಲ್ಲುವ ಜಾಗವೂ ದೂರವಾಗುತ್ತದೆ. ಎದುರಿಗೆ ದೀಪವಿಲ್ಲದ ಕಬ್ಬಿನ ಟ್ರೇಲರ್ ಇದ್ದರೆ ಮುಗಿದೇ ಹೋಯಿತು.

ಮೊದಲು ಹವಾ ನೋಡಿ

ಗಾಡಿ ಕುಲುಕುತ್ತದೆ ಎಂದೊಡನೆ ಹೊಸ ಟಾಯರಿನ ಅಂಗಡಿಗೆ ಓಡುವವರೇ ಹೆಚ್ಚು. ಖರ್ಚಿಲ್ಲದ ಔಷಧ ಹವಾದಲ್ಲಿದೆ. ಪೆಟ್ರೋಲ್ ಪಂಪಿನ ಹುಡುಗ "ಎಷ್ಟ್ ಹಾಕ್ಲಿ ಅಣ್ಣಾ?" ಅಂದರೆ "ನಲವತ್ತು ಹಾಕು, ಮೈಲೇಜ್ ಬರ್ತದ" ಎನ್ನುವ ಉತ್ತರ ಸಾಮಾನ್ಯ. ಹವಾ ಹೆಚ್ಚಾದ ಟಾಯರ್ ಕಲ್ಲಿನ ಹಾಗೆ ಬಿಗಿಯಾಗಿ ಪ್ರತಿ ತಗ್ಗನ್ನೂ ಸೀಟಿಗೆ ಮುಟ್ಟಿಸುತ್ತದೆ. ಕಮ್ಮಿಯಾದರೆ ಬದಿಯ ಗೋಡೆ ಮಡಚಿ ಮಡಚಿ ಕಾದು, ಬೇಸಿಗೆಯ ಹೆದ್ದಾರಿಯಲ್ಲಿ ಒಡೆಯುವ ಭೀತಿ. ಎಷ್ಟು ಹಾಕಬೇಕೆಂದು ಕಂಪನಿಯವರೇ ಚಾಲಕನ ಬಾಗಿಲಿನ ಕಂಬದ ಚೀಟಿಯಲ್ಲಿ ಇಲ್ಲವೆ ಗಾಡಿಯ ಪುಸ್ತಕದಲ್ಲಿ ಕೊಟ್ಟಿರುತ್ತಾರೆ. ಮಂದಿ ಕಮ್ಮಿ ಇದ್ದಾಗ ಒಂದು, ಪೂರ್ತಿ ತುಂಬಿದಾಗ ಇನ್ನೊಂದು ಅಂಕಿ ಇರುವುದೂ ಉಂಟು. ಮುಂಜಾನೆ ಗಾಡಿ ತಣ್ಣಗಿದ್ದಾಗ ಅಳೆಯಬೇಕು. ಓಡಿ ಕಾದ ಮೇಲೆ ಅಂಕಿ ತಾನಾಗಿ ಏರುತ್ತದೆ. ಅದನ್ನು ನೋಡಿ ಹವಾ ಬಿಡುವುದು ತಪ್ಪು. ನೈಟ್ರೋಜನ್ ಎಂದು ರೊಕ್ಕ ಕೊಡುವವರಿಗೆ ಒಂದು ಮಾತು: ಪುಕ್ಕಟೆ ಸಿಗುವ ಹವಾದಲ್ಲೂ ನೂರಕ್ಕೆ 78 ಪಾಲು ನೈಟ್ರೋಜನ್ನೇ ಇದೆ.

ಅಂದಹಾಗೆ ಹವಾ ತುಂಬಿದ ಟಾಯರ್ ಹುಟ್ಟಿದ್ದೇ ಕುಲುಕಾಟ ತಪ್ಪಿಸಲು. ಬೆಲ್‌ಫಾಸ್ಟ್‌ನ ದನದ ಡಾಕ್ಟರ್ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರುಗಾಲಿ ಸೈಕಲ್ಲಿಗೆಂದು ಅದನ್ನು ಮಾಡಿ 1888ರಲ್ಲಿ ಪೇಟೆಂಟ್ ಪಡೆದರು. ಕಬ್ಬು ಹೊರುವ ಎತ್ತಿನ ಗಾಡಿಗೂ ಮುಂದೆ ಅದೇ ಬಂತು.

ಗೋಡೆ ಎತ್ತರವಿದ್ದಷ್ಟೂ ಸುಖ

ಟಾಯರಿನ ಮೇಲೆ ಬರೆದ ಅಂಕಿ ಓದಲು ಬಂದರೆ ಅರ್ಧ ಕೆಲಸ ಆದಂತೆ. ಬೊಲೆರೊದಲ್ಲಿ ಬರುವ 215/75 ಆರ್15 ಅಳತೆಯನ್ನೇ ನೋಡಿ. 215 ಮಿಲಿಮೀಟರ್ ಅಗಲ. ಅದರ ನೂರಕ್ಕೆ 75 ಭಾಗ, ಅಂದರೆ ಸುಮಾರು 161 ಮಿ.ಮೀ. ಬದಿಯ ಗೋಡೆಯ ಎತ್ತರ. ಆರ್ ಅಂದರೆ ರೇಡಿಯಲ್. 15 ಇಂಚಿನ ಡಿಸ್ಕ್. ಕ್ರೆಟಾದ 17 ಇಂಚಿನ ಮಾದರಿಯ 215/60 ಟಾಯರಿನ ಗೋಡೆ 129 ಮಿ.ಮೀ. ಮಾತ್ರ. ಆ ಮೂರು ಸೆಂಟಿಮೀಟರ್ ರಬ್ಬರೇ ತಗ್ಗಿನ ಪೆಟ್ಟು ನುಂಗುವ ಹಾಸಿಗೆ. ಚಂದ ಕಾಣಲಿ ಎಂದು ದೊಡ್ಡ ಅಲಾಯ್, ತೆಳು ಟಾಯರ್ ಹಾಕಿಸಿದವರು ಹಾಸಿಗೆ ಮಾರಿ ಮಂಚ ಕೊಂಡ ಹಾಗೆ!

ಹಾಗಂತ ಮನಸ್ಸಿಗೆ ಬಂದಷ್ಟು ದಪ್ಪದ್ದು ಹಾಕಲೂ ಬಾರದು. 215/75ರ ಬದಲು 235/75 ಹಾಕಿದರೆ ಗಾಲಿಯ ವ್ಯಾಸ 3 ಸೆಂ.ಮೀ. ಬೆಳೆಯುತ್ತದೆ. ಮೀಟರ್ 80 ತೋರಿಸುವಾಗ ಗಾಡಿ 83ರ ಮೇಲೆ ಓಡುತ್ತಿರುತ್ತದೆ, ತಿರುವಿನಲ್ಲಿ ಟಾಯರ್ ಒಳಗೆ ತಾಗಲೂಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿಯ ಮೂಲ ಸ್ವರೂಪ ಬದಲಿಸುವುದಕ್ಕೆ ತಡೆ ಹಾಕಿದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಹ ಇದನ್ನು ಎತ್ತಿ ಹಿಡಿದಿದೆ. ಎಂಎಚ್ 09 ಪಾಟಿಯ ಗಾಡಿ ಕೆಎ 23ರ ಸೀಮೆಗೆ ಹೋದರೂ ಕಾಯ್ದೆ ಒಂದೇ.

ಹಲ್ಲಿನ ಮಾತು ಬೇರೆ. ಗಡಹಿಂಗ್ಲಜ-ಸಂಕೇಶ್ವರ ರಸ್ತೆ, ಇಚಲಕರಂಜಿಯ ಪೇಟೆ, ಪುಣೆ-ಬೆಂಗಳೂರು ಹೆದ್ದಾರಿ ಇಷ್ಟರಲ್ಲೇ ಓಡಾಡುವವರಿಗೆ ರಸ್ತೆ ಟಾಯರ್, ಅಂದರೆ ಎಚ್‌ಟಿ ಸಾಕು. ಮೆತ್ತಗೆ ಓಡುತ್ತದೆ, ಸಪ್ಪಳ ಕಮ್ಮಿ. ಹೊಲದ ಹಾದಿ, ಮಳೆಗಾಲದ ಕೆಸರು ದಿನವೂ ಇದ್ದವರು ಎಟಿ ನೋಡಬಹುದು. ದೊಡ್ಡ ಹಲ್ಲಿನ ಎಂಟಿ ಟಾಯರ್ ಮಾತ್ರ ಸಂಸಾರದ ಗಾಡಿಗೆ ಬೇಡ. ಡಾಂಬರಿನ ಮೇಲೆ ಅದರ ಗುಂಯ್‌ಗುಡುವಿಕೆಗೆ ಕೂಸು ನಿದ್ದೆ ಮಾಡುವುದಿಲ್ಲ.

ಭಾರ ಹೊರುವುದು ಪಾಟಾ, ತೂಗಾಟ ತಡೆಯುವುದು ಶಾಕಪ್

ಶಾಕ್ ಅಬ್ಸಾರ್ಬರ್‌ಗೆ ಇಲ್ಲಿಯ ಮಿಸ್ತ್ರಿಗಳು ಇಟ್ಟ ಹೆಸರು ಶಾಕಪ್. ಗಾಡಿಯ ಭಾರ ಹೊರುವುದು ಅದೇ ಎಂಬ ತಿಳಿವಳಿಕೆ ಹಲವರಲ್ಲಿದೆ. ಹಾಗಲ್ಲ. ಭಾರ ಹೊರುವುದು ಸ್ಪ್ರಿಂಗ್ ಇಲ್ಲವೆ ಪಾಟಾ. ತಗ್ಗಿಗೆ ಬಿದ್ದ ಪಾಟಾ ಮೇಲೆ ಕೆಳಗೆ ತೂಗುತ್ತಲೇ ಇರುತ್ತದೆ. ಆ ತೂಗಾಟವನ್ನು ಕೊಳವೆಯೊಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ಹಾದು ತಡೆಯುತ್ತದೆ. ಬರೀ ಎಣ್ಣೆಯದಾದರೆ ಸತತ ಕುಲುಕಾಟಕ್ಕೆ ನೊರೆಯೆದ್ದು ಹಿಡಿತ ಸಡಿಲುತ್ತದೆ. ಗ್ಯಾಸ್ ತುಂಬಿದ್ದರಲ್ಲಿ ನೊರೆ ಕಮ್ಮಿ, ಕೆಟ್ಟ ರಸ್ತೆಯಲ್ಲಿ ಒಂದೇ ಸಮ ನಡೆಯುತ್ತದೆ. ಆದರೆ ತುಸು ಬಿಗಿ ಎನಿಸಬಹುದು. ಬಿಗಿಯಾದದ್ದೇ ಭಾರೀ ಮಾಲು ಎಂದು ಮಾರುವವರ ಮಾತಿಗೆ ಮರುಳಾಗಬಾರದು. ರೇಸಿಗೆಂದು ಮಾಡಿದ್ದು ಅಜ್ಜಿಯ ನಡಕ್ಕೆ ಒಗ್ಗದು. ಕಂಪನಿಯ ಅಳತೆಯದೇ ಹೊಸ ಜೋಡಿ ಹೆಚ್ಚಿನವರಿಗೆ ಸಾಕು.

ಬೊಲೆರೊ, ಹಳೇ ಸುಮೊಗಳಿಗೆ ಹಿಂದೆ ಪಾಟಾ ಇರುತ್ತದೆ. 2002ರಲ್ಲಿ ಬಂದ ಸ್ಕಾರ್ಪಿಯೊ ಹಿಂದೆಯೂ ಕಾಯಿಲ್ ಸ್ಪ್ರಿಂಗ್ ತಂದಿತು. ಪಾಟಾದ ಗಾಡಿಗೆ ಗೊಬ್ಬರದ ಚೀಲ ಹೇರಲೆಂದು ಒಂದು ಪಾಟಾ ಹೆಚ್ಚಿಗೆ ಕೂಡಿಸಿ, ಅದೇ ಗಾಡಿಯಲ್ಲಿ ಲಗ್ನಕ್ಕೆ ಹೊರಟರೆ ಯಾವ ಶಾಕಪ್ಪೂ ಏನೂ ಮಾಡಲಾರದು. ಕೂಡಿಸಿದ್ದನ್ನು ತೆಗೆಸಬೇಕು. ಮೂಲದ ಪಾಟಾ ತೆಗೆಸುವುದು ಮಾತ್ರ ಅಪಾಯ.

ಶಾಕಪ್ ಹೋಗಿದೆಯೋ ಇಲ್ಲವೋ ಮನೆಯ ಮುಂದೆಯೇ ನೋಡಬಹುದು. ಗಾಡಿಯ ಒಂದು ಮೂಲೆಯನ್ನು ಜೋರಾಗಿ ಒತ್ತಿ ಬಿಡಿ. ಒಂದು ಸಲ ಎದ್ದು ನಿಂತರೆ ಸರಿ, ಮೂರ್ನಾಲ್ಕು ಸಲ ತೂಗಿದರೆ ಮುಗಿಯಿತು. ಕೊಳವೆಯ ಮೇಲೆ ಎಣ್ಣೆ ಹರಿದ ಜಿಡ್ಡು, ಟಾಯರ್ ಅಲ್ಲಲ್ಲಿ ತಗ್ಗುಬಿದ್ದು ಸವೆದಿರುವುದು ಇನ್ನೆರಡು ಗುರುತು. ಎಷ್ಟೋ ಸಲ ಶಾಕಪ್ ಚಲೋ ಇದ್ದು ಅದರ ತುದಿಯ ರಬ್ಬರ್ ಬುಷ್ ಮಾತ್ರ ಹರಿದಿರುತ್ತದೆ. ಕಟಕಟ ಸಪ್ಪಳ ಅದರದೇ ಇರಬಹುದು. ಅಗ್ಗದ ಬುಷ್ ಬದಲಿಸಿ ನೋಡಿದ ಮೇಲೆ ದುಬಾರಿ ಖರ್ಚಿಗೆ ಇಳಿಯಿರಿ. ಬದಲಿಸುವುದಾದರೆ ಎಡ-ಬಲ ಜೋಡಿಯಾಗಿ ಬದಲಿಸಬೇಕು.

ರೊಕ್ಕ ಹೊಂದದಿದ್ದರೆ ಸದ್ಯಕ್ಕೆ ಒಂದು ಉಪಾಯ: ಹಿಂದಿನ ಗಾಲಿಯ ಮೇಲೆ ಕುಳಿತವರಿಗೆ ಪೆಟ್ಟು ಜಾಸ್ತಿ. ಹಿರಿಯರನ್ನು, ಬಸುರಿಯರನ್ನು ನಡುವಿನ ಸಾಲಿನಲ್ಲಿ ಕೂಡ್ರಿಸಿ, ಹಿಂದಿನ ಸಾಲು ಹುಡುಗರಿಗೆ ಬಿಡಿ.

ಟಾಯರ್ ಕೊಳ್ಳುವಾಗ ಬದಿಯಲ್ಲಿ ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಓದಬೇಕು. 2319 ಎಂದಿದ್ದರೆ 2019ರ 23ನೇ ವಾರದ್ದು. ಐದಾರು ವರ್ಷ ದಾಟಿದ ರಬ್ಬರು ಹಲ್ಲು ಉಳಿದಿದ್ದರೂ ಬಿರುಸಾಗಿರುತ್ತದೆ. ಅಂಗಡಿಯಲ್ಲಿ ಬಹಳ ದಿನ ಬಿದ್ದ ಮಾಲನ್ನು "ನಿಮಗಾಗಿ ಕಮ್ಮಿ ಮಾಡೇನ್ರಿ" ಎಂದು ಕೊಡುವುದುಂಟು. ಹಲ್ಲು 1.6 ಮಿ.ಮೀ.ಗೆ ಇಳಿದರೆ ಕಾಯ್ದೆಯ ಪ್ರಕಾರವೂ ಆ ಟಾಯರ್ ನಡೆಯದು. ಎರಡೇ ಹೊಸದು ಕೊಂಡರೆ ಅವು ಹಿಂದಿನ ಗಾಲಿಗೆ ಹೋಗಬೇಕು. ಮಳೆಯಲ್ಲಿ ಹಿಂಭಾಗ ಜಾರದಿರಲು ಅದೇ ದಾರಿ. ಸ್ಟೆಪ್ನಿಯ ಅಂಕಿಯನ್ನೂ ಅದೇ ಹೊತ್ತಿಗೆ ಓದಿಸಿಕೊಂಡು ಬರುವುದು ಒಳ್ಳೆಯದು.