ಗಣಕಯಂತ್ರದ ಚೀಟಿಗೆ ಬೀಜ ಇಟ್ಟವರು ಯಾರು?

ಹಂಚಬೇಕಾದದ್ದು ಹತ್ತು, ಕೇಳುವವರು ನೂರು ಮಂದಿ, ಅರ್ಹತೆಯಲ್ಲಿ ಎಲ್ಲರೂ ಸಮಾನರು ಎಂದಾಗ ಚೀಟಿ ಎತ್ತುವುದಕ್ಕಿಂತ ನ್ಯಾಯವಾದ ಮಾರ್ಗವಿಲ್ಲ. ಹತ್ತನೆಯ ಶತಮಾನದ ಉತ್ತರಮೇರೂರು ಶಾಸನವು ಸಭೆಯ ಎದುರಿನಲ್ಲಿ ಮಡಕೆಯಿಂದ ಓಲೆ ಎತ್ತುವ ಕೆಲಸವನ್ನು ಒಳಗೇನಿದೆಯೆಂದು ಅರಿಯದ ಬಾಲಕನಿಗೆ ವಹಿಸುತ್ತದೆ. ಇಂದು ಆ ಸ್ಥಾನಕ್ಕೆ ಗಣಕಯಂತ್ರ ಬಂದಿದೆ. ಯಾವ ಮತಯಂತ್ರ ಯಾವ ಮತಗಟ್ಟೆಗೆ, ಯಾವ ಸಿಬ್ಬಂದಿ ಯಾವ ತಂಡಕ್ಕೆ ಎಂಬುದನ್ನು ಚುನಾವಣೆಯಲ್ಲಿ ತಂತ್ರಾಂಶವೇ ನಿರ್ಧರಿಸುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಸೀಟುಗಳಿಗೂ ಲಾಟರಿ ನಡೆಯುವುದು ಅದರಲ್ಲಿಯೇ. ಆ ಬಾಲಕನ ಮುಗ್ಧತೆ ಈ ಯಂತ್ರಕ್ಕೆ ಇದೆಯೆ?

ಇಲ್ಲ. ಹೇಳಿದ ಲೆಕ್ಕವನ್ನು ತಪ್ಪದೆ ಮಾಡುವ ಯಂತ್ರಕ್ಕೆ ಆಕಸ್ಮಿಕವೆಂಬುದು ಗೊತ್ತಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳೆಲ್ಲ ಕಲಿಯುವ ‘ಸಿ’ ಭಾಷೆಯಲ್ಲಿ ‘ರ‍್ಯಾಂಡ್’ ಎಂಬ ಆದೇಶವೊಂದಿದೆ. ಅದು ಒಂದು ಸಂಖ್ಯೆಯನ್ನು ಗುಣಿಸಿ, ಕೂಡಿಸಿ ಮುಂದಿನದನ್ನು, ಅದರಿಂದ ಅದರ ಮುಂದಿನದನ್ನು ಹುಟ್ಟಿಸುತ್ತ ಹೋಗುತ್ತದೆ. ನೋಡುವವರಿಗೆ ಅಡ್ಡಾದಿಡ್ಡಿ ಎನಿಸುವ ಈ ಸರಣಿಯ ಮೊದಲ ಸಂಖ್ಯೆಯೇ ‘ಬೀಜ’. ಬೀಜ ಒಂದೇ ಆದರೆ ಸರಣಿಯೂ ಒಂದೇ. ಬೀಜ ಕೊಡದಿದ್ದರೆ ಅದನ್ನು 1 ಎಂದೇ ತಿಳಿಯಬೇಕೆಂದು ಭಾಷೆಯ ಮಾನಕವೇ ವಿಧಿಸಿದೆ. ಅಂಥ ತಂತ್ರಾಂಶದಲ್ಲಿ ನಿನ್ನೆಯ ಚೀಟಿಗಳ ಕ್ರಮವೇ ಇಂದಿನದೂ ಆಗುತ್ತದೆ.

ಇದಕ್ಕೆ ಪಠ್ಯಪುಸ್ತಕಗಳು ಸೂಚಿಸುವ ಪರಿಹಾರ, ಗಡಿಯಾರವನ್ನೇ ಬೀಜವಾಗಿಸುವುದು. 1970ರ ಜನವರಿ 1ರಿಂದ ಈವರೆಗೆ ಕಳೆದ ಸೆಕೆಂಡುಗಳ ಎಣಿಕೆ ಬೀಜವಾಗುತ್ತದೆ. ಆಟಕ್ಕೆ ಇದು ಸಾಕು. ಆದರೆ ಲಾಟರಿ ಹನ್ನೊಂದು ಗಂಟೆಯಿಂದ ಹತ್ತು ನಿಮಿಷದೊಳಗೆ ನಡೆಯಿತೆಂದು ತಿಳಿದವನಿಗೆ ಪರೀಕ್ಷಿಸಲು ಉಳಿಯುವುದು 600 ಬೀಜಗಳು ಮಾತ್ರ. ಮನೆಯ ಕಂಪ್ಯೂಟರಿಗೆ ಅದು ಕ್ಷಣದ ಕೆಲಸ. ಗುಂಡಿ ಒತ್ತುವವನಿಗೂ ತನಗೆ ಬೇಕಾದ ಸೆಕೆಂಡಿನಲ್ಲಿ ಒತ್ತುವ ಅವಕಾಶವಿದೆ. ನೂರು ಅರ್ಜಿಗಳನ್ನು ಜೋಡಿಸಬಹುದಾದ ವಿಧಾನಗಳ ಸಂಖ್ಯೆಯನ್ನು ಬರೆಯಲು 158 ಅಂಕಿಗಳು ಬೇಕು. 32 ಬಿಟ್ಟಿನ ಬೀಜ ಹುಟ್ಟಿಸಬಲ್ಲದ್ದು ಸುಮಾರು 429 ಕೋಟಿ ಜೋಡಣೆಗಳನ್ನಷ್ಟೆ.

ಇವೆಲ್ಲ ಅಜ್ಞಾನದ ದೋಷಗಳು. ಅಮೆರಿಕದ ಅಯೋವಾ ರಾಜ್ಯದಲ್ಲಿ ನಡೆದದ್ದು ಬೇರೆಯೇ ಬಗೆಯದು. ಹಲವು ರಾಜ್ಯಗಳ ಲಾಟರಿ ಒಕ್ಕೂಟದಲ್ಲಿ ಮಾಹಿತಿ ಭದ್ರತೆಯ ಹೊಣೆ ಹೊತ್ತಿದ್ದ ಎಡ್ಡಿ ಟಿಪ್ಟನ್, ಸಂಖ್ಯೆ ಎತ್ತುವ ತಂತ್ರಾಂಶದೊಳಗೆ ಕೆಲವು ಸಾಲುಗಳನ್ನು ಸೇರಿಸಿದ. ವರ್ಷದ ಮೂರು ನಿರ್ದಿಷ್ಟ ದಿನಾಂಕಗಳು ಬುಧವಾರ ಅಥವಾ ಶನಿವಾರ ಬಂದರೆ, ರಾತ್ರಿ ಎಂಟರ ನಂತರ, ಊಹಿಸಬಹುದಾದ ಬೀಜ ಬಳಕೆಯಾಗುತ್ತಿತ್ತು. ಉಳಿದ ದಿನಗಳಲ್ಲಿ ಯಂತ್ರ ಪ್ರಾಮಾಣಿಕ. ಆದ್ದರಿಂದಲೇ ಸಂಖ್ಯಾಶಾಸ್ತ್ರದ ಪರೀಕ್ಷೆಗಳಿಗೆ ಅದು ಸಿಕ್ಕಿಬೀಳಲಿಲ್ಲ. 2010ರ ಡಿಸೆಂಬರ್ 29ರ ಒಂದು ಕೋಟಿ 65 ಲಕ್ಷ ಡಾಲರ್ ಬಹುಮಾನದ ಟಿಕೆಟನ್ನು ಅವನೇ ಕೊಂಡಿದ್ದ. ಹಿಡಿದುಕೊಟ್ಟದ್ದು ಅಂಗಡಿಯ ಕ್ಯಾಮೆರಾ, ಲೆಕ್ಕಪರಿಶೋಧನೆಯಲ್ಲ. ಇನ್ನೂ ನಾಲ್ಕು ರಾಜ್ಯಗಳ ಬಹುಮಾನಗಳಲ್ಲಿ ಅವನ ಕೈವಾಡ ಬಯಲಾಗಿ, 2017ರಲ್ಲಿ ಗರಿಷ್ಠ 25 ವರ್ಷಗಳ ಶಿಕ್ಷೆಯಾಯಿತು.

ನಮ್ಮ ತಂತ್ರಾಂಶಗಳೂ ಹೀಗೆಯೇ ಎಂಬುದು ನನ್ನ ಆರೋಪವಲ್ಲ. ಆದರೆ ‘ಎಲ್ಲವನ್ನೂ ಕಂಪ್ಯೂಟರೇ ಮಾಡಿದೆ, ಮನುಷ್ಯರ ಹಸ್ತಕ್ಷೇಪವಿಲ್ಲ’ ಎಂಬ ಅಧಿಕಾರಿಯ ಮಾತು ಸೀಟು ಸಿಗದ ಮಗುವಿನ ತಾಯಿಗೆ ಉತ್ತರವಾಗಲಾರದು. ಬೀಜವನ್ನು ಇಟ್ಟವರು ಯಾರು, ಯಾವಾಗ ಎಂದು ಕೇಳುವ ಹಕ್ಕು ಆಕೆಗಿದೆ.

ಕೊಲೊರಾಡೊ ರಾಜ್ಯ ಇದಕ್ಕೊಂದು ದಾರಿ ತೋರಿಸಿದೆ. 2017ರಲ್ಲಿ ಆರಂಭವಾದ ಅಲ್ಲಿನ ಚುನಾವಣೋತ್ತರ ತಪಾಸಣೆಯಲ್ಲಿ, ಯಾವ ಮತಪತ್ರಗಳನ್ನು ಪರಿಶೀಲಿಸಬೇಕೆಂಬ ಆಯ್ಕೆಗೆ ಬೇಕಾದ 20 ಅಂಕಿಗಳ ಬೀಜವನ್ನು ಸಾರ್ವಜನಿಕ ಸಭೆಯಲ್ಲಿ ಹತ್ತು ಮುಖಗಳ ದಾಳ ಉರುಳಿಸಿ ಪಡೆಯುತ್ತಾರೆ. ಲೆಕ್ಕದ ವಿಧಾನ ಬಹಿರಂಗವಾಗಿರುವುದರಿಂದ ಯಾರು ಬೇಕಾದರೂ ಮನೆಯಲ್ಲಿ ಅದನ್ನು ಮತ್ತೆ ಮಾಡಿ ತಾಳೆ ನೋಡಬಹುದು.

ಬೀಜವನ್ನು ಬಹಿರಂಗಪಡಿಸಿದರೆ ಫಲಿತಾಂಶವನ್ನು ಮೊದಲೇ ಊಹಿಸಬಹುದಲ್ಲ ಎಂಬ ಆಕ್ಷೇಪ ಸಹಜ. ಬ್ಯಾಂಕಿನ ಗುಪ್ತಸಂಕೇತಗಳ ವಿಷಯದಲ್ಲಿ ಅದು ಸರಿ; ಅಲ್ಲಿ ಬೀಜ ಗುಟ್ಟಾಗಿಯೇ ಇರಬೇಕು. ಲಾಟರಿಯಲ್ಲಿ ಮುಖ್ಯವಾದದ್ದು ಕ್ರಮ. ಅರ್ಜಿದಾರರ ಪಟ್ಟಿಯನ್ನೂ ಲೆಕ್ಕದ ವಿಧಾನವನ್ನೂ ಮೊದಲು ಪ್ರಕಟಿಸಿ ಮುದ್ರೆಯೊತ್ತಬೇಕು, ಅನಂತರ ದಾಳ ಉರುಳಬೇಕು. ಆಮೇಲೆ ಪಟ್ಟಿಯಲ್ಲಿ ಒಂದು ಹೆಸರನ್ನು ಮೇಲೆ ಕೆಳಗೆ ಮಾಡಿದರೂ ಎಲ್ಲರಿಗೂ ಕಾಣುತ್ತದೆ. ಇದಕ್ಕೆ ಟೆಂಡರು ಕರೆಯಬೇಕಿಲ್ಲ. ದಾಳಗಳು, ಒಂದು ಕರಿಹಲಗೆ, ಪೋಷಕರು ಕೂರಲು ಜಾಗ, ಇಷ್ಟಿದ್ದರೆ ಜಿಲ್ಲಾ ಕಚೇರಿಯ ಸಭಾಂಗಣದಲ್ಲಿ ಅರ್ಧ ಗಂಟೆಯ ಕೆಲಸ.