ಕಂಪನಿಯ ವರದಿಯಲ್ಲಿ ಹೆಣ್ಣುಮಕ್ಕಳ ಲೆಕ್ಕ

ಶೇರು ಕೊಳ್ಳುವಾಗ ನಾವೆಲ್ಲ ಲಾಭ-ಹಾನಿ ನೋಡುತ್ತೇವೆ, ಡಿವಿಡೆಂಡ್ ನೋಡುತ್ತೇವೆ. ಆ ಕಂಪನಿಯಲ್ಲಿ ಹೆಣ್ಣುಮಕ್ಕಳ ಸ್ಥಿತಿ ಹೇಗಿದೆ ಎಂಬುದೂ ಅದರ ವಾರ್ಷಿಕ ವರದಿಯಲ್ಲೇ ಸಿಗುತ್ತದೆಂದು ಬಹಳ ಜನರಿಗೆ ತಿಳಿದಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳೂ ಕಲಿತು ನೌಕರಿಗೆ ಹೋಗುತ್ತಿರುವ ಈ ಕಾಲದಲ್ಲಿ ಇದನ್ನು ತಿಳಿದಿರುವುದು ಒಳ್ಳೆಯದು.

ಶೇರುಪೇಟೆಯ ಮೇಲ್ವಿಚಾರಣೆ ನೋಡುವ ಸೆಬಿ 2021ರಲ್ಲಿ ‘ಬಿ.ಆರ್.ಎಸ್.ಆರ್.’ ಎಂಬ ವರದಿಯ ನಮೂನೆಯನ್ನು ಗೊತ್ತುಮಾಡಿತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರುವ ಕಂಪನಿಗಳಿಗೆ 2022-23ರಿಂದ ಇದು ಕಡ್ಡಾಯವಾಯಿತು. ನೀರು, ವಿದ್ಯುತ್ತು, ಕಸದ ಲೆಕ್ಕದ ಜೊತೆಗೆ ಗಂಡು-ಹೆಣ್ಣಿನ ಲೆಕ್ಕವನ್ನೂ ಬೇರೆಬೇರೆಯಾಗಿ ಕೊಡಬೇಕು.

ವರದಿಯಲ್ಲಿ ಅಂದವಾದ ಚಿತ್ರಗಳೂ ಸವಿಮಾತುಗಳೂ ಇರುತ್ತವೆ. ಅವನ್ನು ಬಿಟ್ಟು ಕೋಷ್ಟಕಗಳಿಗೆ ಹೋಗಬೇಕು. ಅಲ್ಲಿ ನಾಲ್ಕು ಸಂಗತಿ ನೋಡಿದರೆ ಸಾಕು.

ಮೊದಲನೆಯದು, ಎಣಿಕೆ. ಲಿಸ್ಟಾದ ಕಂಪನಿಗಳಲ್ಲಿ ಒಬ್ಬ ಮಹಿಳಾ ಡೈರೆಕ್ಟರಾದರೂ ಇರಲೇಬೇಕೆಂದು 2013ರ ಕಂಪನಿ ಕಾಯದೆ ಹೇಳುತ್ತದೆ. ಆದ್ದರಿಂದ ಆ ಒಂದು ಹೆಸರಿನಿಂದ ಹೆಚ್ಚೇನೂ ತಿಳಿಯದು. ಕಾಯಂ ನೌಕರರಲ್ಲಿ, ಕಾರ್ಮಿಕರಲ್ಲಿ ಎಷ್ಟು ಜನ ಹೆಣ್ಣುಮಕ್ಕಳಿದ್ದಾರೆ ಎಂಬುದನ್ನು ನೋಡಬೇಕು.

ಎರಡನೆಯದು, ಪಗಾರ. ಇಲ್ಲಿ ಸರಾಸರಿಯಲ್ಲ, ಮಧ್ಯದ ಪಗಾರ ಕೊಡುತ್ತಾರೆ. ಐವರ ಪಗಾರ 10, 12, 14, 20, 90 ಸಾವಿರ ಎಂದಿಟ್ಟುಕೊಳ್ಳಿ. ಸರಾಸರಿ 29,200 ಆಗುತ್ತದೆ. ಮಧ್ಯದ್ದು 14,000 ಮಾತ್ರ. ಒಬ್ಬರ ದೊಡ್ಡ ಪಗಾರದ ಮರೆಯಲ್ಲಿ ಉಳಿದವರ ಸ್ಥಿತಿ ಅಡಗದಿರಲೆಂದೇ ಈ ಕ್ರಮ. ಗಂಡಸರ ಅಂಕಿಗಿಂತ ಹೆಂಗಸರದು ಕಡಿಮೆಯಿದ್ದ ಮಾತ್ರಕ್ಕೆ ಒಂದೇ ಕೆಲಸಕ್ಕೆ ಎರಡು ದರ ಎಂದಾಗದು. ಮೇಲಿನ ಹುದ್ದೆಗಳಲ್ಲಿ ಅವರು ಇಲ್ಲದಿರಬಹುದು. ಆದರೆ ಅದೂ ಕೇಳಬೇಕಾದ ಪ್ರಶ್ನೆಯೇ.

ಮೂರನೆಯದು, ಬಾಣಂತಿ ರಜೆ. ರಜೆ ಮುಗಿಸಿ ಎಷ್ಟು ಜನ ಕೆಲಸಕ್ಕೆ ಮರಳಿದರು, ಹಾಗೆ ಮರಳಿದವರಲ್ಲಿ ವರ್ಷದ ಮೇಲೂ ಎಷ್ಟು ಜನ ಉಳಿದರು ಎಂಬ ಶೇಕಡಾವಾರು ಲೆಕ್ಕ ಇರುತ್ತದೆ. ಕಂಪನಿಯ ನಡತೆ ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ನಾಲ್ಕನೆಯದು, ಲೈಂಗಿಕ ಕಿರುಕುಳದ ದೂರುಗಳು. ಸಾವಿರಾರು ಹೆಣ್ಣುಮಕ್ಕಳಿರುವಲ್ಲಿ ವರ್ಷವರ್ಷವೂ ಸೊನ್ನೆ ಎಂದು ಬರೆದಿದ್ದರೆ ಕೂಡಲೇ ಮೆಚ್ಚಬೇಡಿ. ದೂರು ಕೊಡಲು ಅವರಿಗೆ ಧೈರ್ಯವಿದೆಯೇ ಎಂದು ವಿಚಾರಿಸಬೇಕು.

ಒಂದೇ ವರ್ಷದ ಅಂಕಿ ನೋಡಿ ತೀರ್ಮಾನಿಸದೆ, ಎರಡು ಮೂರು ವರ್ಷದ್ದನ್ನು ಎದುರುಬದುರು ಇಟ್ಟು ನೋಡಬೇಕು.

ನಮ್ಮ ಅಂಗಡಿ, ಗಿರಣಿಗಳು ಇಂಥ ವರದಿ ಕೊಡಬೇಕಾಗಿಲ್ಲ. ಆದರೆ ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಕಾಯದೆ 1976ರಲ್ಲೇ ಬಂದಿದೆ. ದೊಡ್ಡ ಕಂಪನಿಗಳ ಲೆಕ್ಕ ಕೇಳುವ ನಾವು, ನಮ್ಮ ಪಗಾರದ ಪುಸ್ತಕವನ್ನೂ ಒಮ್ಮೆ ತೆರೆದು ನೋಡುವುದು ಯೋಗ್ಯ.