ಸಮನ್ಸು ತಲುಪದಿದ್ದರೆ ದಾವೆಯ ಗತಿಯೇನು?

ಪುಣೆಯಿಂದ ದಿವೆ ಘಾಟನ್ನೇರಿ ಸುಮಾರು ಮೂವತ್ತು ಕಿಲೋಮೀಟರು ಸಾಗಿದರೆ ಕರ್ಹಾ ನದಿಯ ದಂಡೆಯ ಸಾಸವಡ ಸಿಗುತ್ತದೆ. ಸಂತ ಸೋಪಾನದೇವರ ಸಮಾಧಿಯಿಂದ ಪ್ರಸಿದ್ಧವಾದ ಈ ಊರು ಪುರಂದರ ತಾಲೂಕಿನ ಕೇಂದ್ರ. ಸಿವಿಲ್ ನ್ಯಾಯಾಲಯವೂ ಇಲ್ಲಿದೆ. ಇಲ್ಲಿ ನೆಲೆಸಿದ ಕನ್ನಡಿಗನೊಬ್ಬನು ಪರಿಚಿತನಿಗೆ ಕೈಗಡ ಕೊಟ್ಟನೆಂದು ಇಟ್ಟುಕೊಳ್ಳಿ. ಸಾಲ ಪಡೆದವನು ಕೆಲಸ ಬಿಟ್ಟು ವಿಜಯಪುರ ಜಿಲ್ಲೆಯ ತನ್ನ ಹಳ್ಳಿಗೆ ಮರಳಿದನು. ಕೈಗಡದ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯಿದೆ. ಅದು ಮುಗಿಯುವ ಹೊತ್ತಿಗೆ ಸಾಸವಡದಲ್ಲಿ ದಾವೆ ಹೂಡಿದ ವಾದಿಯು, ಇನ್ನು ಚಿಂತೆಯಿಲ್ಲವೆಂದು ನೆಮ್ಮದಿಯಿಂದ ಕೂಡುತ್ತಾನೆ. ಅಪಾಯವಿರುವುದು ಆ ನೆಮ್ಮದಿಯಲ್ಲಿಯೇ.

ಎದುರು ಪಕ್ಷಕ್ಕೆ ತಿಳಿಸದೆ ತೀರ್ಪು ಕೊಡುವುದು ನ್ಯಾಯವೆನಿಸದು. ಆದುದರಿಂದ ಪ್ರತಿವಾದಿಗೆ ಸಮನ್ಸು ಜಾರಿಯಾಗಬೇಕು. ಅದನ್ನು ಹೊರಡಿಸುವುದು ನ್ಯಾಯಾಲಯ. ಆದರೆ ಶುಲ್ಕ ಕಟ್ಟುವುದು, ವಾದಪತ್ರದ ಪ್ರತಿ ಒದಗಿಸುವುದು, ಸರಿಯಾದ ವಿಳಾಸ ಕೊಡುವುದು ವಾದಿಯ ಹೊಣೆ. ಶುಲ್ಕ ಅಥವಾ ಪ್ರತಿ ಕೊಡದ ಕಾರಣ ಸಮನ್ಸು ಜಾರಿಯಾಗದಿದ್ದರೆ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಆದೇಶದ 2ನೆಯ ನಿಯಮದಂತೆ ದಾವೆಯನ್ನು ವಜಾ ಮಾಡಬಹುದು. ಪ್ರತಿವಾದಿಯು ಗೊತ್ತಾದ ದಿನ ತಾನಾಗಿ ಹಾಜರಾದರೆ ಮಾತ್ರ ಹಾಗೆ ಮಾಡುವಂತಿಲ್ಲ.

5ನೆಯ ನಿಯಮವು ಇನ್ನೂ ಕಟ್ಟುನಿಟ್ಟಿನದು. ಸಮನ್ಸು ಜಾರಿಯಾಗದೆ ಮರಳಿತೆಂಬ ವರದಿ ನ್ಯಾಯಾಲಯಕ್ಕೆ ಬಂದ ಮೇಲೆ ಏಳು ದಿನಗಳೊಳಗೆ ವಾದಿಯು ಹೊಸ ಸಮನ್ಸಿಗೆ ಅರ್ಜಿ ಕೊಡಬೇಕು. ಮೊದಲು ಒಂದು ತಿಂಗಳಿದ್ದ ಈ ಅವಧಿಯನ್ನು 2002ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಮೊಟಕುಗೊಳಿಸಿತು. ಎಷ್ಟು ಪ್ರಯತ್ನಿಸಿದರೂ ವಿಳಾಸ ಸಿಗಲಿಲ್ಲ, ಪ್ರತಿವಾದಿ ತಪ್ಪಿಸಿಕೊಳ್ಳುತ್ತಿದ್ದಾನೆ ಅಥವಾ ಬೇರೆ ತಕ್ಕ ಕಾರಣವಿದೆಯೆಂದು ಮನಗಾಣಿಸಿದರೆ ಅವಧಿ ವಿಸ್ತರಣೆಯಾಗಬಹುದು.

ಪ್ರತಿವಾದಿಯು ಕರ್ನಾಟಕದಲ್ಲಿದ್ದರೆ ಸಮನ್ಸನ್ನು ಅಲ್ಲಿಯ ನ್ಯಾಯಾಲಯದ ಮೂಲಕ ಜಾರಿ ಮಾಡಿಸಲು ಸಂಹಿತೆಯ 28ನೆಯ ಕಲಮು ಅವಕಾಶ ಕೊಟ್ಟಿದೆ. ಅಲ್ಲಿಯ ವರದಿ ಕನ್ನಡದಲ್ಲಿದ್ದು ಸಮನ್ಸು ಮರಾಠಿಯಲ್ಲಿದ್ದರೆ, ವರದಿಯೊಡನೆ ಹಿಂದಿ ಅಥವಾ ಇಂಗ್ಲಿಷ್ ಅನುವಾದವೂ ಬರಬೇಕು. ಪ್ರತಿವಾದಿಯು ಬೇಕೆಂದೇ ಕಣ್ಮರೆಯಾಗಿದ್ದರೆ, ನ್ಯಾಯಾಲಯದ ಅಪ್ಪಣೆ ಪಡೆದು ಅವನು ಕೊನೆಗೆ ವಾಸವಾಗಿದ್ದ ಮನೆಗೆ ಸಮನ್ಸು ಅಂಟಿಸಬಹುದು, ಇಲ್ಲವೆ ಆ ಪ್ರದೇಶದ ದಿನಪತ್ರಿಕೆಯಲ್ಲಿ ಪ್ರಕಟಿಸಬಹುದು. ಇದೂ ಕೈಗೆ ಕೊಟ್ಟಷ್ಟೇ ಸಿಂಧು.

ಇಂಥ ವಜಾ ಆದೇಶವು ಸಾಲ ಸುಳ್ಳೆಂದು ಹೇಳುವುದಿಲ್ಲ. ಹೊಸ ದಾವೆಗೂ ಅಡ್ಡಿಯಿಲ್ಲ. ಆದರೆ ಕಾಲಮಿತಿಯೊಳಗಿರಬೇಕು. ಮೇಲಿನ ವಾದಿಯ ಮೂರು ವರ್ಷಗಳು ಅಷ್ಟರಲ್ಲಿ ಕಳೆದಿರುತ್ತವೆ; ಸಾಲ ನಿಜವಾದರೂ ಹಣ ಕೈಬಿಟ್ಟಂತೆಯೇ. ಶುಲ್ಕದ ಲೋಪದಿಂದ ವಜಾ ಆಗಿದ್ದರೆ ಮೂವತ್ತು ದಿನಗಳೊಳಗೆ ತಕ್ಕ ಕಾರಣ ತೋರಿಸಿ ಆದೇಶವನ್ನು ರದ್ದುಪಡಿಸುವಂತೆ ಕೋರಬಹುದು. ಏಳು ದಿನಗಳ ನಿಯಮದಡಿ ವಜಾ ಆದವನಿಗೆ ಸಂಹಿತೆಯು ಹೇಳಿದ ದಾರಿ ಹೊಸ ದಾವೆಯೊಂದೇ.

ಆದುದರಿಂದ ಸಾಲ ಕೊಡುವಾಗಲೇ ಸಾಲಗಾರನ ಊರು, ಅಂಚೆ, ತಾಲೂಕುಗಳನ್ನು ಬರೆದಿಟ್ಟುಕೊಳ್ಳುವುದು ಲೇಸು. ದಾವೆ ಹೂಡಿದ ಮೇಲೆ ಪ್ರತಿ ತಾರೀಖಿಗೂ ವಕೀಲರನ್ನು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಸಮನ್ಸು ಜಾರಿಯಾಯಿತೇ?